ಹದಿನೇಳರ ಡಬ್ಬಿ

ಒಲೆಯಲ್ಲಿ ಬೆಂದ ಬಾತುಕೋಳಿ ಅನ್ನದ ವಾಸನೆ ವಾಸ್ಕೊಗೆ ಹನ್ನೊಂದನೇ ವಯಸ್ಸಿನಿಂದ ಗೊತ್ತು. ಊರು ಬಿಟ್ಟು ಪೋರ್ತೊ ನಗರದ ನೀಲಿ ಫುಟ್ಬಾಲ್ ಕ್ಲಬ್ಬಿನ ಹಾಸ್ಟೆಲಿಗೆ ಬಂದ ದಿನ ಅವನ ಅಳು ನಿಂತದ್ದೇ ಆ ವಾಸನೆಗೆ. ಈ ಸಂಜೆಯೂ ಕಾಲು ಅದರ ಹಿಂದೆಯೇ ಹೋಯಿತು. ಅವೈರೊ ಕ್ರೀಡಾಂಗಣದ ಹಿಂದಿನ ಅಂಗಳದಲ್ಲಿ ಎರಡು ತಂಡಗಳ ಬಸ್ಸುಗಳು ನಿಂತಿದ್ದವು. ಸ್ನಾನವನ್ನೂ ಮಾಡದೆ, ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡು, ನೆಲ ನೋಡುತ್ತ ಬಂದವನು ತೆರೆದಿದ್ದ ಬಾಗಿಲು ಹತ್ತಿ, ಎಡಗಡೆ ಆರನೇ ಸಾಲಿನ ಕಿಟಕಿಯ ಬಳಿ ಕುಳಿತು ಮುಖ ಮುಚ್ಚಿಕೊಂಡ. ಒಮ್ಮೆ ತಲೆ ಎತ್ತಿದ್ದರೆ ಬಸ್ಸಿನ ಬಣ್ಣ ಕಾಣುತ್ತಿತ್ತು.

ಜೂನ್ ತಿಂಗಳವರೆಗೆ ಅದು ಅವನದೇ ಸೀಟು. ಜುಲೈಯಲ್ಲಿ ಅವನು ಲಿಸ್ಬನ್ನಿನ ಕೆಂಪು ಕ್ಲಬ್ಬಿಗೆ ಹೋಗಿದ್ದ. ಇಂದು ಸೂಪರ್ ಕಪ್ಪಿನಲ್ಲಿ ಎರಡು ಕ್ಲಬ್ಬುಗಳೂ ಎದುರುಬದುರಾದವು. ಪಂದ್ಯ ಸಮವಾಗಿ ಪೆನಾಲ್ಟಿಗೆ ಹೋಯಿತು. ಕೆಂಪಿನವರ ಕೊನೆಯ ಒದೆತ ವಾಸ್ಕೊನ ಪಾಲಿಗೆ ಬಂತು. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು.

ನೀಲಿ ಬಸ್ಸಿನ ಚಾಲಕ ಅಬೀಲಿಯೊ ಕನ್ನಡಿಯಲ್ಲಿ ಅವನನ್ನು ನೋಡಿದ. “ಏನಪ್ಪಾ ಲಿಸ್ಬನ್ ದೊರೆ, ಇತ್ಲಾಗೆ ಬಂದೆ? ಕಪ್ ಕೊಡ್ಸಿದ್ದಕ್ಕೆ ಥ್ಯಾಂಕ್ಸ್ ಹೇಳೋಕೆ ನಾವೇ ಬರ್ತಿದ್ವಲ್ಲ.”

ವಾಸ್ಕೊ ಮುಖದಿಂದ ಕೈ ತೆಗೆದ. ಎದುರು ಸೀಟಿನ ಬೆನ್ನಿಗೆ ನೀಲಿ ಬಟ್ಟೆ. ಅದರಾಚೆ, ತಂಡದ ಅಡುಗೆಯ ಅಲ್ಜೀರ ಊಟದ ಡಬ್ಬಿಗಳಿಗೆ ಟವೆಲು ಹೊದಿಸುತ್ತಿದ್ದಳು. ಅವನು ಧಡಕ್ಕನೆ ಎದ್ದ.

“ಕೂತ್ಕೋ,” ಎಂದಳು ಅಲ್ಜೀರ. “ಮೊದ್ಲು ಹೊರಗೆ ನೋಡು.”

ಅವನು ಹತ್ತಿದಾಗ ಬೇಲಿಯ ಬಳಿ ಯಾರೂ ಇರಲಿಲ್ಲ. ಈಗ ಬಾಗಿಲಿನಿಂದ ಇಪ್ಪತ್ತು ಹೆಜ್ಜೆ ಆಚೆ ಕೆಂಪು ಶಾಲುಗಳ ಜನ ಒತ್ತಿಕೊಂಡು ನಿಂತಿದ್ದರು. ಎಲ್ಲರ ಕೈಯಲ್ಲೂ ಫೋನು. “ವಾಸ್ಕೊ ಎಲ್ಲಿ? ಬೇಕಂತ್ಲೇ ಕಂಬಕ್ಕೆ ಹೊಡ್ದ. ಇನ್ನೂ ಅವ್ರ ಕಡೆಯವ್ನೇ,” ಎಂದು ಒಬ್ಬ ಕೂಗುತ್ತಿದ್ದ. ಉಳಿದವರು ಸಿಳ್ಳೆ ಹಾಕುತ್ತಿದ್ದರು.

“ಬೇಕಂತ ಹೊಡೀಲಿಲ್ಲ ಅಲ್ಜೀರತ್ತೆ.”

“ನಂಗೊತ್ತಿಲ್ವೇನೋ.”

“ಈ ಬಸ್ಸಿಂದ ಇಳಿಯೋವಾಗ ಒಬ್ಬ ಫೋಟೋ ತೆಗೆದ್ರೂ ಸಾಕು. ಸಾಯೋವರ್ಗೂ ಅದೇ ಮಾತಾಗುತ್ತೆ. ಆಮೇಲೆ ಆ ಕ್ಲಬ್ಬಲ್ಲಿ ನಾನು ಹ್ಯಾಗೆ ಆಡ್ಲಿ?”

“ಹತ್ತು ನಿಮಿಷಕ್ಕೆ ನಮ್ಮ ಹುಡುಗ್ರು ಕಪ್ ಎತ್ಕೊಂಡು ಬರ್ತಾರೆ, ಹಿಂದೇನೇ ಟೀವಿಯವ್ರು,” ಎಂದ ಅಬೀಲಿಯೊ. ಆಮೇಲೆ ಯಾರಿಗೂ ಅಲ್ಲವೆಂಬಂತೆ, “ಒಂಬತ್ತು ವರ್ಷ ಕರ್ಕೊಂಡು ಓಡಾಡಿದೀನಿ. ಇವ್ನು ವಾಂತಿ ಮಾಡ್ಕೊಂಡಿದ್ನ ತೊಳ್ದಿದೀನಿ. ಹೋಗೋವಾಗ ಒಂದ್ಮಾತು ಹೇಳ್ಲಿಲ್ಲ,” ಎಂದ.

“ಅಬೀಲಿಯೊ, ಗಾಡಿ ತಿರುಗ್ಸು,” ಎಂದಳು ಅಲ್ಜೀರ.

“ತಿರುಗ್ಸ್ತೀನಿ ಅಂದ್ನಲ್ಲ.”

ಅವನು ಹಾಗೆ ಅಂದಿರಲಿಲ್ಲ. ಆದರೆ ಎಂಜಿನ್ ಆಗಲೇ ಶುರುವಾಗಿತ್ತು. ಬಸ್ಸು ಅಂಗಳದಲ್ಲಿ ನಿಧಾನವಾಗಿ ಒಂದು ಸುತ್ತು ಹಾಕಿ, ಬೇಲಿಗೂ ಕೆಂಪು ಬಸ್ಸಿಗೂ ನಡುವೆ ಅಡ್ಡ ಬಂದು ನಿಂತಿತು. ಬಾಗಿಲುಗಳು ಈಗ ಕೆಂಪು ಬಸ್ಸಿನ ಕಡೆಗಿದ್ದವು. ಬೇಲಿಯವರ ಸಿಳ್ಳೆ ಏರಿತು. ಯಾರೋ ಎಸೆದ ಬಿಯರ್ ಲೋಟ ಮುಂದಿನ ಗಾಜಿಗೆ ಬಡಿದು, ನೊರೆ ಕೆಳಗಿಳಿಯಿತು. ಅಬೀಲಿಯೊ ನಡುಬಾಗಿಲು ತೆರೆಯುವ ಗುಂಡಿ ಒತ್ತಿ, ತಾನು ಕೆಳಗಿಳಿದು, ಬಸ್ಸನ್ನು ಸುತ್ತಿಕೊಂಡು ನೇರ ಬೇಲಿಯ ಕಡೆಗೇ ಹೋದ. ಏನೂ ಆಗಿರದ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಾಯಿಗೆ ಬಂದಂತೆ ಬೈಯುತ್ತಿದ್ದವರಿಗೆ ಬೆನ್ನು ಕೊಟ್ಟು, ಅದನ್ನು ಗಂಭೀರವಾಗಿ ತಟ್ಟಿ ನೋಡತೊಡಗಿದ. ಎಲ್ಲರ ಫೋನೂ ಅವನತ್ತಲೇ ತಿರುಗಿತು.

ವಾಸ್ಕೊ ನಡುಬಾಗಿಲಿನ ಮೆಟ್ಟಿಲ ಮೇಲೆ ನಿಂತ. ಕೆಂಪು ಬಸ್ಸು ಆರೇ ಹೆಜ್ಜೆ.

“ಅಬೀಲಿಯೊ ಮಾಮಂಗೆ ಹೇಳಿ, ನಾನು...”

“ಅದನ್ನ ನೀನೇ ಬಂದು ಹೇಳು, ಇನ್ನೊಂದಿನ. ಈಗ ಇಳಿ.” ಅವನು ಇಳಿದ. “ತಡಿ,” ಎಂದಳು ಅವಳೇ.

ಟವೆಲಿನಡಿಯಿಂದ, ಎಲ್ಲಕ್ಕಿಂತ ಕೆಳಗಿದ್ದ ಡಬ್ಬಿಯನ್ನು ಎಳೆದಳು. ಬೆಳಿಗ್ಗೆ ಮುಚ್ಚಳಗಳ ಮೇಲೆ ಆಟಗಾರರ ನಂಬರುಗಳನ್ನೆಲ್ಲ ಬರೆದು ಮುಗಿಸಿದ ಮೇಲೆ ಅವಳಿಗೆ ಒಂದು ಹೆಚ್ಚಾಗಿರುವುದು ಗೊತ್ತಾಗಿತ್ತು. ವಾಸ್ಕೊ ಬಿಟ್ಟುಹೋದ ಹದಿನೇಳನ್ನು ಕ್ಲಬ್ಬು ಈ ವರ್ಷ ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಅವಳ ಕೈ ಮಾತ್ರ ಅಭ್ಯಾಸಬಲದಿಂದ ಬರೆದುಬಿಟ್ಟಿತ್ತು. ಬರೆದಾದ ಮೇಲೆ ಖಾಲಿ ಬಿಡಲು ಮನಸ್ಸಾಗದೆ, ಬೇಯಿಸಿದ ತಟ್ಟೆಯ ಮೂಲೆಯಲ್ಲಿ ಗರಿಗರಿಯಾಗಿ ಹತ್ತಿಕೊಂಡಿದ್ದ ಅನ್ನವನ್ನೇ ಕೆರೆದು ತುಂಬಿದ್ದಳು. ಅವನು ಚಿಕ್ಕವನಿದ್ದಾಗಿನಿಂದ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದು ಅದನ್ನೇ.

ವಾಸ್ಕೊ ಮುಚ್ಚಳ ನೋಡಿದ. ನೀಲಿ ಶಾಯಿಯಲ್ಲಿ ದೊಡ್ಡದಾಗಿ ಹದಿನೇಳು. ಅವನ ಈಗಿನ ಅಂಗಿಯ ನಂಬರು ಮೂವತ್ತು. ಅವನು ಕೈ ಚಾಚಿ, ಕೆಂಪು ಬಸ್ಸಿನ ಕಡೆ ಒಮ್ಮೆ ನೋಡಿ, ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ಅಲ್ಜೀರ ಏಪ್ರನ್ನಿನ ಅಂಚನ್ನು ನೀರಿನ ಬಾಟಲಿಗೆ ಒತ್ತಿ ಒದ್ದೆ ಮಾಡಿ ಮುಚ್ಚಳವನ್ನು ಉಜ್ಜಿದಳು. ಒಂದರ ಅಂಕಿ ಅಳಿಸಿಹೋಯಿತು. ಏಳು ಹಟ ಮಾಡಿತು. ಹೆಬ್ಬೆರಳಿನಿಂದ ಇನ್ನಷ್ಟು ಉಜ್ಜಿದಳು. ಬಣ್ಣವೆಲ್ಲ ಬೆರಳಿಗೆ ಬಂದ ಮೇಲೆ, ಇನ್ನೂ ಬೆಚ್ಚಗಿದ್ದ ಡಬ್ಬಿಯನ್ನು ಅವನ ಎರಡೂ ಕೈಗಳಲ್ಲಿ ಇಟ್ಟಳು.