ಬೀರಮ್ಮನ ಹೆಬ್ಬೆಟ್ಟು

ಮೂರನೇ ಸಲವೂ ಮಿಷನ್ನು ಬೀರಮ್ಮನ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಕೆಂಪು ದೀಪ ಹತ್ತಿ 'ಗುರುತು ಸಿಗಲಿಲ್ಲ' ಅಂತ ಅಕ್ಷರ ಬಂತು. ಮಂಡಿ ಮೊಹಲ್ಲಾದ ಆ ರೇಷನ್ ಅಂಗಡಿಯಿಂದ ಮೂವತ್ತು ವರ್ಷ ಅಕ್ಕಿ ಹೊತ್ತ ಮುದುಕಿಯ ಗುರುತು ಅಲ್ಲಿನ ಇಲಿಗಳಿಗೂ ಇತ್ತು, ಮಿಷನ್ನಿಗೆ ಮಾತ್ರ ಇರಲಿಲ್ಲ.

"ಹತ್ತು ಬೆರಳೂ ನೋಡ್ಬುಟ್ಟೆ ಕಣಜ್ಜಿ, ಒಂದರಲ್ಲೂ ಗೆರೆ ಕಾಣ್ತಿಲ್ಲ," ಅಂದ ಅಂಗಡಿಯ ರುದ್ರಸ್ವಾಮಿ. "ತಿಂಗಳ ಕೊನೆಯೊಳಗೆ ಹೆಬ್ಬೆಟ್ಟು ಕೊಡದಿದ್ರೆ ಕಾರ್ಡಿನಿಂದ ನಿಮ್ಮ ಹೆಸರು ತೆಗೆದ್ಬುಡ್ತಾರೆ. ನನ್ನ ಕೈಲಿ ಏನೂ ಇಲ್ಲ."

ಗೆರೆ ಎಲ್ಲಿಂದ ಬರಬೇಕು? ಹನ್ನೆರಡನೇ ವಯಸ್ಸಿಗೆ ಊದುಬತ್ತಿ ಹೊಸೆಯೋಕೆ ಕೂತವಳು ಎದ್ದಿದ್ದು ಅರವತ್ತೆಂಟಕ್ಕೆ. ಇದ್ದಿಲಪುಡಿ ಕಲಸಿದ ಹಿಟ್ಟನ್ನು ಮಣೆ ಮೇಲೆ ದಿನಕ್ಕೆ ನಾಲ್ಕೈದು ಸಾವಿರ ಸಲ ಉಜ್ಜಿದ ಕೈ ಅದು. ಈಗ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ, ಒಣಗಿ, ಮುಟ್ಟಿದರೆ ಬಿರಿಯುತ್ತಿತ್ತು.

"ಗೆರೆ ಎಲ್ಲೂ ಹೋಗಿಲ್ಲ ಅತ್ತೆ, ಒಣಗಿ ಮುಚ್ಕೊಂಡಿವೆ ಅಷ್ಟೆ," ಅಂದಳು ಸೊಸೆ ಸೌಮ್ಯ. ಕುವೆಂಪುನಗರದ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವವಳು, ಚರ್ಮದ ವಿಷಯದಲ್ಲಿ ಅವಳ ಮಾತೇ ಮಾತು. ಬಿಸಿನೀರಿನ ಪಾತ್ರೆಯಲ್ಲಿ ಸ್ಟೀಲ್ ಬಟ್ಟಲಿಟ್ಟು ಒಂದು ಚಮಚ ಜೇನುಮೇಣ ಕರಗಿಸಿದಳು. ಅದಕ್ಕೆ ನಾಲ್ಕು ಚಮಚ ಕೊಬ್ಬರಿ ಎಣ್ಣೆ, ಬೆರಳ ತುದಿಯಷ್ಟು ತುಪ್ಪ. ಕದಡಿ, ಸೋಸಿ, ಹಳೇ ಡಬ್ಬಿಗೆ ಸುರಿದಳು. ಆರಿದ ಮೇಲೆ ಬೆಣ್ಣೆಯಂಥ ಮುಲಾಮು.

ಬೀರಮ್ಮ ಮೂಸಿ ನೋಡಿ ಮುಖ ಸಿಂಡರಿಸಿದಳು. "ವಾಸನೆಯೇ ಇಲ್ವಲ್ಲೇ ಇದಕ್ಕೆ."

"ವಯಸ್ಸಾದ ಚರ್ಮಕ್ಕೆ ವಾಸನೆ ಆಗಲ್ಲ ಅತ್ತೆ. ದಿನಕ್ಕೆ ಮೂರು ಸಲ ಹಚ್ಕೊಳ್ಳಿ, ಸಾಕು."

ಹಚ್ಚಿಕೊಂಡಳು, ಐದು ದಿನ. ಬಿರುಕು ಮಾಯಿತು, ಬೆರಳು ಮೆತ್ತಗಾಯಿತು. ಆರನೇ ದಿನ ಸೌಮ್ಯ ಪಾರ್ಲರಿನಿಂದ ಬಂದು ನೋಡುತ್ತಾಳೆ, ಅತ್ತೆ ಎರಡೂ ಕೈಯನ್ನು ತಣ್ಣೀರಿನ ಬೋಸಿಯಲ್ಲಿ ಅದ್ದಿಕೊಂಡು ಕೂತಿದ್ದಾಳೆ. ಬೆರಳೆಲ್ಲ ಕೆಂಪಗೆ ಊದಿಕೊಂಡಿವೆ.

"ಮುಲಾಮಿಗೇನು ಹಾಕಿದ್ರಿ?"

"ಏನೂ ಇಲ್ಲ."

ಸೌಮ್ಯ ಡಬ್ಬಿಯ ಮುಚ್ಚಳ ತೆಗೆದಳು. ಮಲ್ಲಿಗೆ ಊದುಬತ್ತಿಯ ವಾಸನೆ ಮನೆಯೆಲ್ಲ ಘಮ್ಮೆಂದಿತು. ಬತ್ತಿಗೆ ಹಾಕುವ ಸೆಂಟು! ಕೆಲಸ ಬಿಟ್ಟ ದಿನ ಕಾರ್ಖಾನೆಯವರು ಕೊಟ್ಟಿದ್ದ ಬಾಟಲಿಯನ್ನು ಬೀರಮ್ಮ ಟ್ರಂಕಿನಲ್ಲಿ ಸೀರೆಯ ಅಡಿ ಇಟ್ಟುಕೊಂಡಿದ್ದಳು.

"ಎರಡೇ ಹನಿ ಕಣೆ," ಅಂದಳು. ಸೊಸೆಯ ಮುಖ ನೋಡಿ, "ಒಂದು ಮುಚ್ಚಳ," ಅಂತ ತಿದ್ದಿಕೊಂಡಳು. "ಘಮ ಇಲ್ಲದಿದ್ರೆ ಇದು ನನ್ನ ಕೈ ಅಂತ್ಲೇ ಅನ್ಸಲ್ಲ. ಯಾರದೋ ಕೈ ಇದ್ದಂಗಿರುತ್ತೆ."

ಸೌಮ್ಯಳಿಗೆ ಸಿಟ್ಟು ನೆತ್ತಿಗೇರಿತು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಗಿತ್ತಲ್ಲ. "ನಿಮಗೆ ಮಾಡೋದೂ ಒಂದೇ, ಬಿಡೋದೂ ಒಂದೇ. ತೆಗೀಲಿ ಹೆಸರು, ಹೋಗ್ಲಿ."

ಬೀರಮ್ಮ ಬೋಸಿಯಿಂದ ಕೈ ತೆಗೆದು ಸೆರಗಿಗೆ ಒತ್ತಿಕೊಂಡಳು. ಆಮೇಲೆ, "ನೀನು ಮದುವೆಯಾಗಿ ಬಂದಾಗ ಕಾರ್ಡಿಗೆ ನಿನ್ನ ಹೆಸರು ಸೇರಿಸೋಕೆ ಮೂರು ದಿವಸ ಕೂಲಿ ಬಿಟ್ಟು ಕಚೇರಿ ಬಾಗಿಲಲ್ಲಿ ನಿಂತಿದ್ದೆ. ಈಗ ಅದೇ ಕಾರ್ಡಲ್ಲಿ ನೀವೆಲ್ಲ ಇದ್ದು ನಾನೊಬ್ಬಳು ಇಲ್ಲ ಅಂದ್ರೆ ಹೊಟ್ಟೆ ಉರಿಯುತ್ತೆ ಕಣೆ ಸೌಮ್ಯ," ಅಂದಳು.

ಆ ಮೂರು ದಿವಸದ ಕಥೆ ಸೌಮ್ಯಳಿಗೆ ಯಾರೂ ಹೇಳಿರಲಿಲ್ಲ. ಅವಳು ಡಬ್ಬಿಯ ಮುಲಾಮನ್ನು ಕಸಕ್ಕೆ ಸುರಿದು, ಮತ್ತೆ ಒಲೆ ಹಚ್ಚಿ, ಮೇಣ ಕರಗಿಸೋಕೆ ಇಟ್ಟಳು. ಸೆಂಟಿನ ಬಾಟಲಿಯಿಂದ ಒಂದೇ ಒಂದು ಹನಿ ತೆಗೆದು ಅತ್ತೆಯ ಸೆರಗಿನ ತುದಿಗೆ ಸವರಿದಳು. "ಘಮ ಬೇಕಾದ್ರೆ ಇಲ್ಲಿ ಮೂಸಿ. ಕೈಗೆ ಬೇಡ."

ಉರಿ, ಊತ ಇಳಿಯೋಕೇ ನಾಲ್ಕು ದಿನ ಹಿಡಿಯಿತು. ಅಲ್ಲಿಂದ ಮುಂದೆ ಹೊಸ ಡಬ್ಬಿ ಸೌಮ್ಯಳ ಸುಪರ್ದಿಗೆ. ಬೆಳಗ್ಗೆ ಪಾರ್ಲರಿಗೆ ಹೊರಡುವ ಮುಂಚೆ, ಸಂಜೆ ಬಂದ ಮೇಲೆ, ಅವಳೇ ಕೂತು ಒಂದೊಂದೇ ಬೆರಳಿಗೆ ತೀಡಿ ಹಚ್ಚುತ್ತಿದ್ದಳು. ಬೀರಮ್ಮ ಇನ್ನೊಂದು ಕೈಯಲ್ಲಿ ಸೆರಗು ಹಿಡಿದು ಮೂಸುತ್ತಾ, ಪಾರ್ಲರಿಗೆ ಯಾರ್ಯಾರು ಬಂದಿದ್ರು, ಏನೇನು ಮಾಡಿಸಿಕೊಂಡ್ರು ಅಂತ ವಿಚಾರಿಸುತ್ತಿದ್ದಳು. ಮದುವೆಯಾಗಿ ಹತ್ತು ವರ್ಷಕ್ಕೆ ಅತ್ತೆ ಸೊಸೆ ಅಷ್ಟು ಹೊತ್ತು ಒಟ್ಟಿಗೆ ಕೂತಿದ್ದು ಅದೇ ಮೊದಲು.

ತಿಂಗಳ ಕೊನೇ ದಿನ ಇಬ್ಬರೂ ಅಂಗಡಿಗೆ ಹೋದರು. ಬೀರಮ್ಮ ಹೆಬ್ಬೆಟ್ಟು ಒತ್ತಿದಳು. ಕೆಂಪು ದೀಪ.

"ಜಿಡ್ಡು ಕಣಜ್ಜಿ, ಜಾರ್ತಿದೆ," ಅಂದ ರುದ್ರಸ್ವಾಮಿ.

ಬೀರಮ್ಮನ ಮುಖ ಸಪ್ಪಗಾಯಿತು. ಸೌಮ್ಯ ಕರ್ಚೀಫು ತೆಗೆದು ಬೆರಳನ್ನು ಮಗುವಿನ ಬಾಯಿ ಒರೆಸಿದ ಹಾಗೆ ಮೆಲ್ಲಗೆ ಒರೆಸಿದಳು. ತಾನೇ ಆ ಕೈ ಹಿಡಿದು ಗಾಜಿನ ಮೇಲಿಟ್ಟಳು.

ಮಿಷನ್ನು ಕುಯ್ ಅಂದಿತು. ಹಸಿರು ದೀಪ. ಪರದೆಯ ಮೇಲೆ ಬೀರಮ್ಮನ ಹೆಸರು ಬಂತು.

"ಆಯ್ತಲ್ಲ ಅಜ್ಜಿ. ತೆಗೀರಿ ಬೆರಳು, ಹಿಂದೆ ಜನ ಕಾಯ್ತಾವ್ರೆ."

ಬೀರಮ್ಮ ತೆಗೆಯಲಿಲ್ಲ. ಇನ್ನಷ್ಟು ಒತ್ತಿ ಹಿಡಿದಳು.

"ಇರಪ್ಪ," ಅಂದಳು, "ಇನ್ನೊಂದ್ಸಲ ಬಂದಾಗ ಯಾರು ಅಂತ ಕೇಳ್ದಂಗೆ ಚೆನ್ನಾಗಿ ನೋಡ್ಕಳ್ಲಿ."