ಬಣ್ಣದಡಿಯ ತೂತುಗಳು

"ತೂತೇ ಇಲ್ವಲ್ಲಪ್ಪಾ!" ಎಂದಳು ಅತ್ತಿಗೆ.

ಹೊಳೆಯುವ ಕ್ರೋಮ್ ಪಟ್ಟಿಯನ್ನು ಎರಡೂ ಕೈಗಳಲ್ಲಿ ಕೂಸಿನಂತೆ ಹಿಡಿದು ಅವಳು ವ್ಯಾನಿನ ಎಡಮಗ್ಗುಲಲ್ಲಿ ನಿಂತಿದ್ದಳು. ಅದು ಹಳೆಯ ಕಾಲದ ಗುಂಡುಮೂತಿಯ ವ್ಯಾನು. ಕೆಳಗೆ ಕಡುಹಸಿರು, ಮೇಲೆ ಕೆನೆಬಣ್ಣ. ಎರಡು ಬಣ್ಣ ಕೂಡುವ ಗೆರೆಯ ಮೇಲೆ, ಮೂತಿಯಿಂದ ಹಿಂಬಾಗಿಲವರೆಗೆ ಪಟ್ಟಿ ಕೂರಬೇಕು. ಅದರ ಬೆನ್ನಿನ ಕ್ಲಿಪ್ಪುಗಳು ಕಚ್ಚಿಕೊಳ್ಳಲು ತಗಡಿನಲ್ಲಿ ಸಾಲಾಗಿ ತೂತುಗಳಿರಬೇಕು. ಒಂದೂ ಇರಲಿಲ್ಲ.

ಬಣ್ಣ ಹೊಡೆದವನು ಅವಳ ಮೈದುನ. ಅವನ ಬಣ್ಣದಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದೆಂದು ಜನ ಅವನನ್ನು ಕನ್ನಡಿ ಎಂದೇ ಕರೆಯುತ್ತಿದ್ದರು. ಪಟ್ಟಿ ಕೂರಿಸುತ್ತಿದ್ದವನು ಅವನ ಅಣ್ಣ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ, "ಅವರ ಕೆಲಸ ನಾನು ಮಾಡ್ತೀನಿ" ಎಂದು ಆ ಬೆಳಿಗ್ಗೆ ಮೊದಲ ಸಲ ಗಾಡಿ ರಿಪೇರಿಯ ಶೆಡ್ಡಿಗೆ ಬಂದಿದ್ದಳು. ಮನೆಯಲ್ಲಿ ಗಂಡನ ಜತೆ ಪಟ್ಟಿ ಉಜ್ಜಿ, ಕ್ಲಿಪ್ ಜೋಡಿಸಿ ಪಳಗಿದ ಕೈ ಅವಳದು. ಆದರೂ ಕನ್ನಡಿ ಕರಾರು ಹಾಕಿದ್ದ: ಬಣ್ಣದ ಮೇಲೆ ಒಂದೇ ಒಂದು ಗೀರು ಬಿದ್ದರೂ ಅವಳ ಕೆಲಸ ಅಲ್ಲಿಗೆ ಮುಗಿಯಿತು, ಅಣ್ಣನ ಮೇಜು ಶೆಡ್ಡಿನಲ್ಲಿ ಸೀಟು ಹೊಲಿಯುವವನ ಪಾಲು.

"ಇರೋ ತೂತು ಎಲ್ಲಿಗೆ ಹೋಗುತ್ತೆ? ಸರಿಯಾಗಿ ನೋಡಿ ಅತ್ತಿಗೆ," ಎನ್ನುತ್ತ ಕನ್ನಡಿ ಬಂದು ಬೆರಳಾಡಿಸಿದ. ತಗಡು ನುಣ್ಣಗೆ ಜಾರಿತು. ಇಷ್ಟು ವರ್ಷ ಅವನು ಸಂಜೆ, ಬಣ್ಣಕ್ಕೆ ಮುಂಚೆ ತಗಡು ನುಣುಪಾಗಿಸುವ ಪುಟ್ಟಿಯನ್ನು ಮೆತ್ತಿ ಮನೆಗೆ ಹೋಗುತ್ತಿದ್ದ. ಬೆಳಿಗ್ಗೆ ಬಂದರೆ ತೂತುಗಳು ಬಾಯ್ದೆರೆದುಕೊಂಡೇ ಇರುತ್ತಿದ್ದವು. 'ನನ್ನ ಪುಟ್ಟಿಗೆ ಬುದ್ಧಿ ಇದೆ ಸ್ವಾಮೀ, ತೂತು ಬಿಟ್ಟು ಹಿಡಿಯುತ್ತೆ' ಎಂದು ಗಿರಾಕಿಗಳೆದುರು ಜಂಬ ಕೊಚ್ಚುತ್ತಿದ್ದ. ಪಕ್ಕದಲ್ಲೇ ನಿಂತ ಅಣ್ಣ ಸುಮ್ಮನೆ ನಗುತ್ತಿದ್ದ. ಆ ನೆಚ್ಚಿಕೆಯಲ್ಲಿ ಈ ಸಲವೂ ಕನ್ನಡಿ ತೂತುಗಳತ್ತ ಕಣ್ಣು ಹಾಯಿಸದೆಯೇ ಬಣ್ಣ ಹೊಡೆದಿದ್ದ.

"ಈ ಸಲದ ಪುಟ್ಟಿನೇ ಸರಿ ಇಲ್ಲ," ಎಂದು ಗೊಣಗಿದ. "ಸಂಜೆಗೆ ಬೇಕರಿ ಯಜಮಾನ್ರು ವ್ಯಾನ್ ಒಯ್ಯೋಕೆ ಬರ್ತಾರೆ. ಅಂಟು ಹಾಕಿ ಮೆತ್ತಿಬಿಡಿ, ಯಾರಿಗೆ ಗೊತ್ತಾಗುತ್ತೆ?"

"ಬಿಸಿಲಿಗೆ ಅಂಟು ಬಿಟ್ಟು, ಪಟ್ಟಿ ಹಾರಿ ಹಿಂದೆ ಬರೋ ಸೈಕಲ್ಲಿನವನ ಮುಖಕ್ಕೆ ಬಡೀಲಿ ಅಂತಲಾ? ನಾನು ಹಾಕಲ್ಲ. ಮೇಜು ಬೇಕಾದ್ರೆ ಈಗ್ಲೇ ಆ ಸೀಟಿನವನಿಗೆ ಕೊಡು."

ಕನ್ನಡಿಗೆ ಸಿಟ್ಟು ನೆತ್ತಿಗೇರಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ವ್ಯಾನಿನೊಳಗೆ ಹತ್ತಿದ್ದಳು. ಒಳಗಿನ ಹಲಗೆಗಳನ್ನು ಇನ್ನೂ ಹೊಡೆದಿರಲಿಲ್ಲ. ತಗಡಿನ ಬರಿಬೆನ್ನು ಕಾಣುತ್ತಿತ್ತು. "ಬಾ ಇಲ್ಲಿ," ಎಂದು ಕರೆದು ತೋರಿಸಿದಳು. ಉದ್ದಕ್ಕೂ, ಒಂದೊಂದು ತೂತಿನಿಂದಲೂ ಪುಟ್ಟಿ ಇಣುಕಿ, ಕಾಳಿನಂತೆ ಗಟ್ಟಿಯಾಗಿ ನಿಂತಿತ್ತು.

"ಪುಟ್ಟಿ ಸರಿಯಾಗೇ ಇದೆ. ಅದು ಯಾವಾಗ್ಲೂ ಹೀಗೇ ಮುಚ್ಚೋದು. ನೀನು ಪುಟ್ಟಿ ಹಚ್ಚಿದ ದಿನ ನಿಮ್ಮಣ್ಣ ತಡವಾಗಿ ಮನೆಗೆ ಬರೋರು, ಉಗುರಲ್ಲೆಲ್ಲ ಪುಟ್ಟಿ. ಹಚ್ಚೋನು ತಮ್ಮ, ಕೈ ಗಲೀಜು ನಿಮ್ದು, ಇದ್ಯಾವ ನ್ಯಾಯ ಅಂತ ಬೈತಿದ್ದೆ. ದಬ್ಬಣ ತೊಳೀತಾ ನಗೋರು. 'ಅವನು ಮುಚ್ಚಿ ಹೋಗ್ತಾನೆ, ನಾನು ಹಸಿ ಇರುವಾಗ್ಲೇ ಒಳಗಿಂದ ಚುಚ್ಚಿ ಬಿಚ್ಚಿ ಬರ್ತೀನಿ' ಅನ್ನೋರು."

"ನಂಗೊಂದು ಮಾತು ಹೇಳ್ಬಾರ್ದಿತ್ತಾ ಅವನು?"

"ನಾನೂ ಅದನ್ನೇ ಕೇಳಿದ್ದೆ. 'ಹೇಳಿದ್ರೆ ಪ್ರತಿ ತೂತಿಗೂ ಅವನ ಕೈ ತಡೆದು ನಿಲ್ಲುತ್ತೆ ಕಣೇ, ಆ ನುಣುಪು ಬರಲ್ಲ' ಅಂದ್ರು."

ಕನ್ನಡಿ ಆ ಕಾಳುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದ. ಲೋಕ ಹೊಳಪನ್ನು ಹೊಗಳುತ್ತದೆಯೇ ಹೊರತು ಅದರ ಬೆನ್ನನ್ನು ತಿರುಗಿಸಿ ನೋಡುವುದಿಲ್ಲ. ಲೋಕದ ಮಾತಿರಲಿ, ಒಂದೇ ಸೂರಿನಡಿ ದುಡಿದ ಒಡಹುಟ್ಟಿದವನೂ ನೋಡಿರಲಿಲ್ಲ. ಅವನು ಮೆಲ್ಲಗೆ ಕೈಮುಗಿದ. ಮುಗಿದದ್ದು ತಗಡಿಗೋ ಅಣ್ಣನಿಗೋ, ಅತ್ತಿಗೆ ಕೇಳಲಿಲ್ಲ.

"ಈಗೇನ್ ಮಾಡೋದು?"

"ನಾನು ಒಳಗಿಂದ ಕೈ ಡ್ರಿಲ್ಲಿನಲ್ಲಿ ಕೊರೀತೀನಿ. ನೀನು ಹೊರಗಡೆ ದಪ್ಪ ಬಟ್ಟೆ ಮಡಚಿ ಅಂಗೈಯಲ್ಲಿ ಒತ್ತಿ ಹಿಡಿ. ಬಣ್ಣ ಸಿಪ್ಪೆ ಏಳಬಾರ್ದು."

"ಡ್ರಿಲ್ಲು ಜಾರಿದ್ರೆ?" ಎಂದ ಕನ್ನಡಿ, ಹೊರಗಿಳಿದು ಬಟ್ಟೆ ಮಡಚುತ್ತ.

"ಯಾವುದರ ಚಿಂತೆ ನಿಂಗೆ, ಕೈಯದಾ ಬಣ್ಣದ್ದಾ?"

"ಬಣ್ಣದ್ದು."

"ಅದೇ ಅಂದ್ಕೊಂಡೆ!" ಎಂದು ಒಳಗಿನಿಂದ ಅತ್ತಿಗೆ ನಕ್ಕಳು.

ಅವಳು ಕೊರೆಯುತ್ತ ಬಂದಂತೆ ಅವನ ಅಂಗೈಯೂ ಹೊರಗೆ ಸರಿಯುತ್ತ ಬಂತು. ಪ್ರತಿ ತೂತಿಗೂ ಬಟ್ಟೆಯಡಿ ಒಂದು ಸಣ್ಣ ನಡುಕ, ಆಮೇಲೆ ಹಗುರ. ಬಾಗಿಲ ಬಳಿ ಮಾತ್ರ ಬಣ್ಣ ಸಾಸಿವೆಯಷ್ಟು ಸಿಡಿಯಿತು. ಅತ್ತಿಗೆ ಹೊರಗೆ ಬಂದು ನೋಡಿದಳು. ಮುಖ ಸಣ್ಣದಾಯಿತು. "ಇದು ನನ್ನ ಕೈ ತಪ್ಪು," ಎಂದಳು.

"ಬಿಡಿ, ಪಟ್ಟಿ ಕೆಳಗೆ ಹೋಗುತ್ತಲ್ಲ."

"ಹೋದ್ರೇನು? ಕಾಣದ ಕಡೆನೇ ತುಕ್ಕು ಮೊದಲು ಹಿಡಿಯೋದು. ಬಣ್ಣ ತಾಗಿಸು."

ಕನ್ನಡಿ ಎದುರಾಡದೆ ತೆಳುಕುಂಚ ತಂದ. ಅದು ಒಣಗಿದ ಮೇಲೆ ಪಟ್ಟಿ ಟಕ್ ಟಕ್ಕೆಂದು ತೂತುಗಳನ್ನು ಕಚ್ಚಿ, ಮೂತಿಯಿಂದ ಹಿಂಬಾಗಿಲವರೆಗೆ ನೆಟ್ಟಗೆ ಕೂತಿತು.

ಸಂಜೆ ಬೇಕರಿ ಯಜಮಾನರು ವ್ಯಾನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕನ್ನಡಿಯ ಬೆನ್ನು ತಟ್ಟಿದರು. "ಭೇಷ್! ಈ ಕೆಲಸ ನಿನ್ನೊಬ್ಬನ ಕೈಯಿಂದ ಮಾತ್ರ ಆಗೋದು ನೋಡು."

"ನನ್ನೊಬ್ಬನ ಕೈಗೆ ಬಿಟ್ರೆ ತೂತೆಲ್ಲ ಮುಚ್ಚಿಹೋಗುತ್ತೆ ಯಜಮಾನ್ರೇ," ಎಂದ ಕನ್ನಡಿ. "ಇನ್ಮೇಲೆ ಅತ್ತಿಗೆ ಒಳಗಿಂದ ನೋಡಿ ಹೂಂ ಅಂದ್ರೇನೇ ನಾನು ಬಣ್ಣದ ಡಬ್ಬಿ ತೆಗೆಯೋದು."