ದರ್ಜಿಯ ಕಚಗುಳಿ

ಡಾಕ್ಟರಮ್ಮ ಕಂಕುಳಿಗೆ ಕೈಹಾಕುತ್ತಲೇ ದರ್ಜಿ ಕಿಸಕ್ಕೆಂದು ನಕ್ಕು ಮಂಚದಿಂದ ಜಾರಿದ. ಊರವರ ಕಂಕುಳನ್ನೆಲ್ಲ ಅಳೆದವನು ತನ್ನದನ್ನು ಮಾತ್ರ ಯಾರಿಗೂ ಮುಟ್ಟಲು ಬಿಟ್ಟವನಲ್ಲ. ಎಚ್‌ಐವಿ ಇದ್ದ ಅವನಿಗೆ ತಿಂಗಳಿಂದ ಬಿಡದ ಜ್ವರ. ರಕ್ತ, ಕಫ, ಎಕ್ಸ್‌ರೇ ಯಾವುದೂ ಕಾರಣ ಹೇಳಿರಲಿಲ್ಲ.

"ಇವರನ್ನ ಗಟ್ಟಿಯಾಗಿ ಹಿಡ್ಕೊಳ್ಳಮ್ಮಾ," ಎಂದರು ಡಾಕ್ಟರಮ್ಮ. ಹೆಂಡತಿ ಹಿಡಿದಳು. ಅವನ ನಗುವಿನ ನಡುವೆಯೇ ಡಾಕ್ಟರಮ್ಮನ ಬೆರಳು ಒಂದು ಗಂಟಿನ ಮೇಲೆ ನಿಂತಿತು. ಸೂಜಿ ಚುಚ್ಚಿ ಅದರ ರಸ ತೆಗೆದು ಪರೀಕ್ಷೆಗೆ ಕಳಿಸಿದರು.

ಫಲಿತಾಂಶ ಬಂದಾಗ ಅವರ ಮುಖ ಅರಳಿತ್ತು. "ಕಂಕುಳಿನ ಗಂಟಿನೊಳಗೆ ಟಿಬಿ ಅಡಗಿ ಕೂತಿದೆ. ಮಾತ್ರೆ ತಪ್ಪಿಸದಿದ್ರೆ ವಾಸಿಯಾಗುತ್ತೆ."

ಹೆಂಡತಿ ಕಣ್ಣೊರೆಸಿಕೊಂಡಳು. ದರ್ಜಿ ತಲೆಯ ಮೇಲೆ ಕೈಹೊತ್ತ. "ಅಂದ್ರೆ ನಾನು ಸಾಯಲ್ವಾ? ಅಯ್ಯೋ, ಹೇಗೂ ಹೋಗೋನು ಅಂತ ನಿನ್ನೆ ನಿಮ್ಮಣ್ಣನಿಗೇ ಅವನ ಹಾಡಿನ ಬಗ್ಗೆ ಇದ್ದದ್ದನ್ನ ಇದ್ದ ಹಾಗೆ ಹೇಳ್ಬಿಟ್ಟೆನಲ್ಲೇ!"